ಫಾದರ್ ಇನ್ನಾಸಪ್ಪನವರ ಮಾತು ಮರಳಿದ್ದು

ಮೂರು ವರ್ಷಗಳ ಹಿಂದಿನ ಮಾತು. ಬಾಗಲಕೋಟೆಯ ವಿದ್ಯಾಗಿರಿಯ ಆಸ್ಪತ್ರೆಯೊಂದಕ್ಕೆ ನಾನು ಸ್ಪೀಚ್ ಥೆರಪಿಸ್ಟ್ ಆಗಿ ಆಗಷ್ಟೇ ಸೇರಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬಂದವಳು; ದೇವರಿಲ್ಲ ಎಂದು ವಾದಕ್ಕೆ ನಿಂತರಂತೂ ಎದುರಿನವರು ಸುಸ್ತಾಗುವವರೆಗೆ ಬಿಡುತ್ತಿರಲಿಲ್ಲ. ಅಂಥ ನನ್ನ ಪಾಲಿಗೆ ಬಂದ ರೋಗಿ ಫಾದರ್ ಇನ್ನಾಸಪ್ಪ, ಇಳಕಲ್ ಕಡೆಯ ಸಣ್ಣ ಚರ್ಚೊಂದರ ಗುರುಗಳು.

ಸ್ಟ್ರೋಕ್ ಆಗಿ ಅವರಿಗೆ ಅಫೇಸಿಯಾ ಬಂದಿತ್ತು. ಅಂದರೆ ಬುದ್ಧಿ ಚುರುಕಾಗಿಯೇ ಇರುತ್ತದೆ, ಹೇಳಬೇಕಾದ ಮಾತು ಮಾತ್ರ ನಾಲಿಗೆಗೆ ಬರುವುದಿಲ್ಲ. ತಮ್ಮ ಹೆಸರಿಗೂ ಅವರು ತಡಕಾಡುತ್ತಿದ್ದರು. ಕ್ಯಾಥೊಲಿಕರ ಬಲಿಪೂಜೆಯಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಎತ್ತಿ ಹಿಡಿದು ಹೇಳುವ ಕ್ರಿಸ್ತನ ಮಾತುಗಳನ್ನು ಗುರುಗಳೇ ಹೇಳಬೇಕು. ಅವು ಮರಳದಿದ್ದರೆ ಇನ್ನಾಸಪ್ಪನವರು ತಮ್ಮ ಜನಕ್ಕೆ ಪೂಜೆ ನಡೆಸಿಕೊಡುವಂತಿರಲಿಲ್ಲ.

ಅವರನ್ನು ಕರೆತರುತ್ತಿದ್ದವರು ಅದೇ ಚರ್ಚಿನ ನೇಕಾರ ಜೋಜಪ್ಪ. ನಾನು ಅವರ ಮೇಲೆಯೇ ವಾದ ಹೂಡಿದೆ. “ಆ ಮಾತು ನಿಮಗೂ ಬಾಯಿಪಾಠ ಐತಲ್ರಿ. ನೀವ ಹೇಳ್ರಿ. ದೇವರಿಗೂ ಮಂದಿಗೂ ನಡುವ ದಲ್ಲಾಳಿ ಯಾಕ?”

“ಹಂಗ ನಾ ಹೇಳಾಕ ಬರಂಗಿಲ್ರಿ ಮೇಡಂ, ಫಾದರ್ ಬೇಕ,” ಎಂದರು ಜೋಜಪ್ಪ. “ಪ್ರವಚನ ಮಾತ್ರ ಸಣ್ಣದ ಆಗಲಿ. ಮೊದಲ ಭಾಳ ಉದ್ದ ಮಾಡ್ತಿದ್ರು.”

ಫಾದರ್ ಎಡಗೈ ಎತ್ತಿ ಹೊಡೆಯುವಂತೆ ಮಾಡಿ ನಕ್ಕರು.

ಬಾಯಿಪಾಠವಾದ, ರಾಗವಿರುವ ಮಾತು ಇಂಥವರಲ್ಲಿ ಕೆಲವೊಮ್ಮೆ ಮೊದಲು ಮರಳುತ್ತದೆ. ಹಾಗಾಗಿ ಪೂಜೆಯ ಮಾತುಗಳನ್ನೇ ಅಭ್ಯಾಸಕ್ಕೆ ತೆಗೆದುಕೊಂಡೆ. “ಪ್ರಭು ನಿಮ್ಮೊಂದಿಗೆ ಇರಲಿ” ಎಂದು ಅವರು ರಾಗವಾಗಿ ಹೇಳುವುದು. “ನಿಮ್ಮ ಆತ್ಮದೊಂದಿಗೂ ಇರಲಿ” ಎಂದು ಜನ ಕೊಡುವ ಉತ್ತರವನ್ನು ನಾನು ಕೊಡುವುದು. ಆ ಉತ್ತರ ಕಿವಿಗೆ ಬಿದ್ದರೆ ಮಾತ್ರ ಅವರ ಮುಂದಿನ ಸಾಲು ಹೊರಡುತ್ತಿತ್ತು. ನನಗದು ಬರೀ ತಂತ್ರ.

ಕೆಲವು ತಿಂಗಳ ಮೇಲೆ ಒಂದು ಮುಂಜಾನೆ, ರೊಟ್ಟಿ ಎತ್ತಿ ಹೇಳುವ “ಇದು ನನ್ನ ಶರೀರ” ಎಂಬ ಮಾತು ತಡೆಯಿಲ್ಲದೆ ಬಂತು. ನನಗೆ ಸುಮ್ಮನಿರಲಾಗಲಿಲ್ಲ.

“ಯಾರ ಶರೀರ್ರಿ ಫಾದರ್? ನಿಮ್ದೇನು?”

ಅವರು ತಲೆಯಾಡಿಸಿ ಪದ ಹುಡುಕಿದರು. “ನಂದಲ್ಲ ತಂಗಿ... ಬಾಯಿ... ಬಾಯಿ ಅಷ್ಟ ನಂದು.”

ಕ್ರಿಸ್ತನ ಮಾತಿಗೆ ಬಾಯಿ ಕೊಡುವುದಷ್ಟೇ ತಮ್ಮ ಕೆಲಸ ಎನ್ನುತ್ತಿದ್ದರು. ನಾನು ‘ದಲ್ಲಾಳಿ’ ಎಂದಿದ್ದಕ್ಕೆ ಅದು ಅವರ ಉತ್ತರ. ಅದನ್ನು ಮುರಿಯುವ ವಾದ ನನ್ನಲ್ಲಿತ್ತು. ಹೂಡಲಿಲ್ಲ.

ಅವರು ಮತ್ತೆ ಬಲಿಪೀಠದಲ್ಲಿ ನಿಂತ ಭಾನುವಾರ ನಾನೂ ಹೋಗಿ ಹಿಂದಿನ ಸಾಲಿನಲ್ಲಿ ನಿಂತೆ. “ಪ್ರಭು ನಿಮ್ಮೊಂದಿಗೆ ಇರಲಿ” ಎಂದರು. ಆ ದನಿ ಕೇಳಿದ್ದೇ ಜನ ಉತ್ತರ ಕೊಡುವುದನ್ನೇ ಮರೆತರು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಫಾದರ್ ತುಟಿ ತೆರೆದು ನಿಂತೇಬಿಟ್ಟರು. ಉತ್ತರವಿಲ್ಲದೆ ಅವರ ಮುಂದಿನ ಮಾತು ಹೊರಡದು ಎಂಬುದು ಅಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

“ನಿಮ್ಮ ಆತ್ಮದೊಂದಿಗೂ ಇರಲಿ,” ಎಂದೆ, ಗಟ್ಟಿಯಾಗಿ, ಒಬ್ಬಳೇ. ಹಿಂದೆಯೇ ಚರ್ಚಿಗೆ ಚರ್ಚೇ ಹೇಳಿತು. ಫಾದರ್ ಮುಂದುವರಿದರು.

ಹೊರಗೆ ಜೋಜಪ್ಪ ನನ್ನನ್ನು ತಡೆದು ನಿಲ್ಲಿಸಿದರು. “ನಂಬಂಗಿಲ್ಲ ಅಂತಿದ್ರಿ ಮೇಡಂ?”

“ಈಗೂ ನಂಬಂಗಿಲ್ರಿ. ಬಾಯಿ ಅಷ್ಟ ನಂದು.”

ಇಂದು ಮಾತು ಕಳೆದುಕೊಂಡ ಹೊಸ ರೋಗಿ ಬಂದರೆ, ಜೊತೆಗೆ ಬಂದವರನ್ನು ನಾನು ಮೊದಲು ಕೇಳುವುದು ಇದನ್ನೇ: ಇವರ ಮಾತಿಗೆ ಮನೆಯಲ್ಲಿ ಉತ್ತರ ಕೊಡುವವರು ಯಾರು?