ಮರಳಿಗೆ ಹೊದಿಕೆ ಹೊದಿಸಿದ ವೆರ್ನಾ ಕಾಂಗಸ್

ಉತ್ತರ ಮಿಶಿಗನ್ನಿನ ಮರಳು ನೆಲದಲ್ಲಿ ಏನನ್ನಾದರೂ ಹಸಿರಾಗಿ ನಿಲ್ಲಿಸಬೇಕೆಂದು ಹೊರಟವರೆಲ್ಲ ಒಂದಲ್ಲ ಒಂದು ದಿನ ಶ್ರೀಮತಿ ವೆರ್ನಾ ಕಾಂಗಸ್ ಅವರ ಮೇಜಿನ ಮುಂದೆ ಬಂದು ನಿಂತವರೇ. ಮಣ್ಣು ಸಂರಕ್ಷಣಾ ಕಚೇರಿಯಲ್ಲಿ ಮೂವತ್ತೊಂದು ವರ್ಷ ದುಡಿದು ಈ ವಸಂತದಲ್ಲಿ ನಿವೃತ್ತರಾದ ಅವರಷ್ಟು ಆ ಮರಳನ್ನು ಬಲ್ಲವರಿಲ್ಲ. ಬಲ್ಲದ್ದನ್ನು ಹೇಳಿ ಹೇಳಿ ಅವರಷ್ಟು ಬೇಸತ್ತವರೂ ಇಲ್ಲ.

ಅಲ್ಲಿನ ಬೇಟೆಗಾರರು ಕಾಡಿನಂಚಿನ ತಾಕುಗಳಲ್ಲಿ ಜಿಂಕೆಗಳಿಗೆಂದೇ ಮೇವು ಬಿತ್ತುತ್ತಾರೆ. ಚೀಲದ ಮೇಲಿನ ಕೊಂಬಿನ ಗಂಡು ಜಿಂಕೆಯ ಚಿತ್ರಕ್ಕೆ ಮರುಳಾಗಿ, ಕಪ್ಪು ಮಣ್ಣಿಗೆ ಹೇಳಿಮಾಡಿಸಿದ ಬೀಜವನ್ನು ಮೇ ತಿಂಗಳಲ್ಲಿ ಮರಳಿಗೆ ಸುರಿಯುತ್ತಾರೆ. ಜುಲೈಗೆ ಎಲ್ಲ ಒಣಗಿದಾಗ ಕಚೇರಿಗೆ ಬಂದು ಬೀಜವನ್ನು ಬೈಯುತ್ತಾರೆ. ಕೆಲಸಕ್ಕೆ ಸೇರಿದ ಮೊದಲ ಬೇಸಿಗೆಯಲ್ಲೇ ಇದನ್ನು ಕಂಡ ವೆರ್ನಾ, ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಹುಳಿಯಿದ್ದರೆ ಸುಣ್ಣ ಹಾಕಿ, ಉಳುಮೆ ಕಡಿಮೆ ಮಾಡಿ, ಹೊದಿಕೆ ಬೆಳೆಯಿಂದ ಆರಂಭಿಸಿ ಎಂದು ಒಂದು ಹಾಳೆಯಲ್ಲಿ ಬರೆದು ಹಂಚಿದರು. ಹಾಳೆಯನ್ನು ಎಲ್ಲರೂ ಒಯ್ದರು. ಓದಿದವರು ಯಾರೆಂಬುದು ಅವರಿಗೆ ಇಂದಿಗೂ ತಿಳಿಯದು.

ಓದದವರಲ್ಲಿ ಅಗ್ರಗಣ್ಯರು ಡ್ವೇನ್ ಪಿಲಾರ್ಸ್ಕಿ. ಮರ ಕೊಯ್ಯುವ ಕಾರ್ಖಾನೆಯಿಂದ ನಿವೃತ್ತರಾಗಿ ಬೇಟೆಗಾರರ ಸಂಘದ ಅಧ್ಯಕ್ಷರಾಗಿದ್ದ ಅವರು, ದಿಬ್ಬದ ಮೇಲಿನ ಸಂಘದ ಆರು ಎಕರೆಯನ್ನು ಎರಡು ವರ್ಷ ಸತತವಾಗಿ ಉತ್ತು, ಎರಡು ವರ್ಷವೂ ಕ್ಲೋವರ್ ಎಂಬ ಮೇವಿನ ಸೊಪ್ಪು ಬಿತ್ತಿ, ಎರಡು ವರ್ಷವೂ ಹುಲ್ಲುಕಡ್ಡಿಯನ್ನೂ ಕಾಣಲಿಲ್ಲ. ಮೂರನೆಯ ವಸಂತದ ಬಿರುಗಾಳಿಗೆ ಬಟ್ಟಬಯಲಾಗಿದ್ದ ಆ ಮರಳು ಎದ್ದುಹೋಗಿ, ಪಕ್ಕದ ಇರ್ಮಾ ಲಾಹ್ತಿಯವರ ಸ್ಟ್ರಾಬೆರಿ ಸಾಲುಗಳನ್ನು ಗೇಣುದ್ದ ಹೂತುಹಾಕಿತು. ಆ ಹಣ್ಣೇ ಇರ್ಮಾ ಅವರ ಜೀವನಾಧಾರ. ನಲವತ್ತು ವರ್ಷದ ನೆರೆಯವರಿಬ್ಬರೂ ಮಾತು ಬಿಟ್ಟರು. ಇನ್ನೊಮ್ಮೆ ಮರಳು ಬಂದರೆ ನ್ಯಾಯಾಲಯಕ್ಕೆ ಹೋಗುವುದಾಗಿ ಇರ್ಮಾ ವೆರ್ನಾ ಅವರ ಎದುರೇ ಹೇಳಿದರು. ಅತ್ತ ಸಂಘದವರು, ಈ ವರ್ಷವೂ ಮೇವು ಬಾರದಿದ್ದರೆ ತಾಕಿನ ಗೊಡವೆಯೇ ಬೇಡ, ಪೈನ್ ನೆಟ್ಟುಬಿಡೋಣ ಎಂದು ತೀರ್ಮಾನಿಸಿದ್ದರು.

ವೆರ್ನಾ ದಿಬ್ಬಕ್ಕೆ ಹೋಗಿ ಒಂದು ಹಿಡಿ ಮಣ್ಣೆತ್ತಿದರು. ಅದು ಬೆರಳ ಸಂದಿಯಿಂದ ಸೋರಿಹೋಯಿತು.

"ಎಷ್ಟು ಸಲ ಉತ್ತಿದೀರಿ ಡ್ವೇನ್?"

"ವರ್ಷಕ್ಕೆ ಮೂರೇ ಸಲ. ಕಳೆ ಹೋಗ್ಲಿ ಅಂತ."

"ಕಳೆ ಹೋಯ್ತು. ಜೊತೆಗೆ ಮಣ್ಣೂ ಹೋಗಿ ಇರ್ಮಾ ಮನೇಲಿ ಕೂತಿದೆ."

"ನಮ್ಮಪ್ಪ ಹೀಗೇ ಉಳ್ತಿದ್ದ."

"ನಿಮ್ಮಪ್ಪನಿಗೆ ಏನು ಬೆಳೀತು?"

ಡ್ವೇನ್ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಆಲೂಗಡ್ಡೆ. ಒಂದೇ ವರ್ಷ ಅನ್ಸುತ್ತೆ."

ಆ ಜೂನ್ ಕೊನೆಯಲ್ಲಿ ವೆರ್ನಾ ಮಳೆಯ ಹದ ನೋಡಿ ಬಕ್‌ವೀಟ್ ಬಿತ್ತಿಸಿದರು. ಬೇಗ ಚಿಗುರಿ ನೆಲ ಮುಚ್ಚುವ ಬೆಳೆಯದು. ಆಗಸ್ಟ್ ಕೊನೆಗೆ, ಮಳೆಯ ಮುನ್ಸೂಚನೆ ಸಿಕ್ಕೊಡನೆ, ನಿಂತ ಪೈರಿನೊಳಗೇ ಚಳಿಗೆ ಜಗ್ಗದ ರೈ ಧಾನ್ಯದ ಬೀಜ ಎರಚಿ, ಮೇಲೆ ಕಬ್ಬಿಣದ ಉರುಳೆ ಹಾಯಿಸಿ ಪೈರನ್ನು ಮಲಗಿಸಿದರೆ, ಅದೇ ಬೀಜಕ್ಕೆ ಹೊದಿಕೆಯಾಗಿ ತೇವ ಹಿಡಿಯುತ್ತದೆ. ಅಲ್ಲಿಯವರೆಗೆ ನೇಗಿಲು ಮುಟ್ಟಕೂಡದೆಂದು ಮೂರು ಸಲ ಹೇಳಿ, ಮೂರು ಸಲವೂ ಡ್ವೇನ್ ಅವರಿಂದ ಹೂಂ ಅನ್ನಿಸಿಕೊಂಡರು.

ಆಗಸ್ಟ್ ಇಪ್ಪತ್ತಾರರಂದು, ನಲವತ್ತು ಮೈಲಿ ದೂರದಿಂದ ಉರುಳೆಯನ್ನು ತಮ್ಮ ಗಾಡಿಗೇ ಕಟ್ಟಿಕೊಂಡು ವೆರ್ನಾ ದಿಬ್ಬ ಹತ್ತಿದಾಗ, ಮೂರು ಎಕರೆಯಲ್ಲಿ ಬಕ್‌ವೀಟ್ ಬಿಳಿ ಹೂ ಬಿಟ್ಟು ನಿಂತಿತ್ತು. ಇನ್ನು ಮೂರು ಎಕರೆ ನುಣ್ಣಗೆ ಉತ್ತು ಬರಿದಾಗಿತ್ತು.

"ಅದು ಸ್ವಲ್ಪ ಗಲೀಜಾಗಿ ಕಾಣ್ತಿತ್ತು ವೆರ್ನಾ. ಟ್ರ್ಯಾಕ್ಟರ್ ಹೇಗೂ ಹೊರಗೇ ನಿಂತಿತ್ತು."

ವೆರ್ನಾ ಗಾಡಿಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಡಬ್ಬಿಯಲ್ಲಿ ತಂದಿದ್ದ ಮಾಂಸದ ಕಡುಬನ್ನು ಕೊನೆಯ ತುತ್ತಿನವರೆಗೂ ತಿಂದರು. ಮನೆಗೆ ಹೊರಟುಬಿಡಬೇಕೆಂದು ಎರಡು ಸಲ ಕೀಲಿಗೆ ಕೈಯಿಟ್ಟಿದ್ದುಂಟು. ಆದರೆ ಬಿರುಗಾಳಿಯ ಮರುದಿನ ಇರ್ಮಾ ಮಂಡಿಯೂರಿ ಬರಿಗೈಯಲ್ಲಿ ಮರಳು ಬಗೆದು ಗಿಡದ ಸುಳಿ ಹುಡುಕುತ್ತಿದ್ದುದನ್ನು ಅವರು ಕಣ್ಣಾರೆ ಕಂಡಿದ್ದರು. ಕೆಳಗಿಳಿದು ಬೀಜದ ಚೀಲ ಹೆಗಲಿಗೇರಿಸಿದರು. ಭುಜದ ಶಸ್ತ್ರಚಿಕಿತ್ಸೆಯಾಗಿ ಕೈಯೆತ್ತಲಾಗದ ಡ್ವೇನ್ ಟ್ರ್ಯಾಕ್ಟರ್ ಹಿಡಿದರು. ಆರು ಎಕರೆಯ ಬೀಜವನ್ನೂ ಎರಚಿದವರು ಐವತ್ತೆಂಟರ ವೆರ್ನಾ ಒಬ್ಬರೇ.

ನಾಳೆ ಬರುತ್ತದೆಂದ ಮಳೆ ಒಂಬತ್ತು ದಿನ ತಡವಾಯಿತು, ಬಂದದ್ದೂ ಅರೆಮನಸ್ಸಿನದು. ಮಲಗಿದ ಪೈರಿನಡಿಯ ತೇವದಲ್ಲಿ ರೈ ಒತ್ತಾಗಿ ಮೊಳೆಯಿತು. ಉತ್ತ ಕಡೆ ಅಲ್ಲೊಂದು ಇಲ್ಲೊಂದು ಎಸಳು. ವೆರ್ನಾ ಆ ಭಾಗಕ್ಕೆ ಹಳೆಯ ಹುಲ್ಲು ಹಾಸಿಸಿ, ಸೆಪ್ಟೆಂಬರ್ ಮಧ್ಯದಲ್ಲಿ ಮತ್ತೆ ರೈ ಎರಚಿ ನೆಲ ಮುಚ್ಚಿಸಿದರು. ಅಕ್ಟೋಬರಿನಲ್ಲಿ ಹದಿನಾಲ್ಕು ಜಿಂಕೆಗಳು ಬಂದು ಉಳದೆ ಬಿಟ್ಟ ಮೂರು ಎಕರೆಯಲ್ಲೇ ಮೇದವು.

ಸಂಘದ ವಾರ್ಷಿಕ ಸಭೆಯಲ್ಲಿ ಡ್ವೇನ್ ಎದ್ದು ನಿಂತು ಹೇಳಿದರು: "ಉತ್ತರೆ ಏನಾಗುತ್ತೆ, ಉಳದಿದ್ರೆ ಏನಾಗುತ್ತೆ ಅಂತ ನಿಮಗೆಲ್ಲ ಕಣ್ಣಿಗೆ ಕಾಣ್ಲಿ ಅಂತಾನೇ ಅರ್ಧ ಉತ್ತಿದ್ದು ನಾನು. ಬೇಕೂಂತಲೇ."

ಹಿಂದಿನ ಸಾಲಿನಲ್ಲಿದ್ದ ವೆರ್ನಾ ಬಾಯಿ ತೆರೆದರು. ಅಷ್ಟರಲ್ಲಿ ಮಣ್ಣು ಪರೀಕ್ಷೆಯ ಪಟ್ಟಿಗೆ ಹೆಸರು ಬರೆಸಲು ಹನ್ನೊಂದು ಮಂದಿ ಎದ್ದು ಬರುವುದು ಕಂಡಿತು. ಅವರು ಬಾಯಿ ಮುಚ್ಚಿ ಪೆನ್ನು ತೆಗೆದರು.

ಮರುವಸಂತದಲ್ಲೂ ಗಾಳಿ ಬೀಸಿತು, ಮರಳು ಏಳಲಿಲ್ಲ. ಜೂನಿನಲ್ಲಿ ಇರ್ಮಾ ಎರಡು ಬುಟ್ಟಿ ಹಣ್ಣು ಕಳಿಸಿದರು: ಒಂದು ಕಚೇರಿಗೆ, ಇನ್ನೊಂದು, ಯಾವ ಮಾತೂ ಇಲ್ಲದೆ, ಡ್ವೇನ್ ಅವರ ಮೆಟ್ಟಿಲ ಮೇಲೆ.

ಇಂದು ಆ ಸೀಮೆಯ ಇಪ್ಪತ್ತಾರು ತಾಕುಗಳಲ್ಲಿ ಚಳಿಗಾಲಕ್ಕೆ ರೈ ಹಸಿರಾಗಿರುತ್ತದೆ. ಅದೆಲ್ಲ ಪಿಲಾರ್ಸ್ಕಿ ಪದ್ಧತಿ ಎಂದೇ ಹೆಸರಾಗಿದೆ. ವೆರ್ನಾ ಅದನ್ನು ಇಂದಿಗೂ ತಿದ್ದಿಲ್ಲ. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಅವರು ಕಿಟಕಿಯ ಕಡೆ ನೋಡುವುದನ್ನು ಸಹೋದ್ಯೋಗಿಗಳಾದ ನಾವು ವರ್ಷಗಳಿಂದ ಕಂಡಿದ್ದೇವೆ.

ವೆರ್ನಾ ಕಾಂಗಸ್ ಅವರು ನೂರು ಬೇಸಿಗೆ ಕಾಣಲಿ. ಅವರ ಮೊಣಕಾಲು ಗಟ್ಟಿಯಾಗಿರಲಿ. ಮನೆಯ ಹಿಂದಿನ ಎರಡು ಎಕರೆ ಮರಳಿನಲ್ಲಿ ತಮಗೆ ತೋಚಿದ್ದನ್ನು, ತೋಚಿದ ದಿನ, ಯಾರಿಗೂ ಬಿಡಿಸಿ ಹೇಳುವ ಗೋಜಿಲ್ಲದೆ ಬಿತ್ತಲಿ. ಸಲಹೆ ಕೇಳಿ ಬರುವವರು ಹೇಗೂ ಬಂದೇ ಬರುತ್ತಾರೆ. ಅವರಲ್ಲಿ ಒಬ್ಬರಾದರೂ ಮೊದಲ ಸಲಕ್ಕೇ ವೆರ್ನಾ ಅವರ ಮಾತು ಕೇಳಲಿ.