ಕುಂಕುಮದ ಮನೆಯಲ್ಲಿ ಆಡಿದ ಮಾತು

ಮನ್ರೋ ಊರಿನ ಗೆಳತಿಯ ಮನೆಯಲ್ಲಿ ಅರಿಶಿನ-ಕುಂಕುಮ ತೆಗೆದುಕೊಂಡು ಹೊರಟಿದ್ದೆ. ಸೋಫಾದಲ್ಲಿ ತೂಕಡಿಸುತ್ತಿದ್ದ ಅವಳ ಅತ್ತೆಗೆ ಹೇಳಿ ಹೋಗೋಣವೆಂದು ಬಾಗಿ ಕೈ ಹಿಡಿದೆ. ನನ್ನ ಬೆರಳುಗಳು ತಾವಾಗಿಯೇ ಅವರ ಮಣಿಕಟ್ಟಿಗೆ ಜಾರಿದವು, ಕಣ್ಣು ಗೋಡೆ ಗಡಿಯಾರದತ್ತ ಹೋಯಿತು.

"ಟೈಮ್ ಆಫ್ ಡೆತ್, ಫೋರ್ ಟೆನ್" ಎಂದುಬಿಟ್ಟೆ.

ಐಸಿಯು ವೈದ್ಯೆ ನಾನು. ರೋಗಿ ತೀರಿಕೊಂಡಾಗ ಗಡಿಯಾರ ನೋಡಿ, ಸಾವಿನ ಹೊತ್ತು ಇಷ್ಟೆಂದು ಎಲ್ಲರಿಗೂ ಕೇಳುವಂತೆ ಹೇಳಬೇಕಾದ ಮಾತದು. ಆ ತಿಂಗಳು ಎಷ್ಟು ಸಲ ಹೇಳಿದ್ದೆನೋ, ಲೆಕ್ಕ ಬಿಟ್ಟಿದ್ದೆ.

ತಾಂಬೂಲ ಹಿಡಿದಿದ್ದ ಹೆಂಗಸರೆಲ್ಲ ನಿಂತಲ್ಲೇ ನಿಂತರು. ಅತ್ತೆ ಮೆಲ್ಲಗೆ ಕಣ್ಣು ಬಿಟ್ಟು ನನ್ನ ಕೈಯನ್ನು ತಮ್ಮೆರಡು ಕೈಗಳಲ್ಲಿ ಮುಚ್ಚಿಕೊಂಡರು.

"ನಾನಿನ್ನೂ ಇದ್ದೀನಮ್ಮ. ನಿನ್ನ ಕೈಯೇ ತಣ್ಣಗಾಗಿದೆ."

ಕಾರಿನಲ್ಲಿ ಕೂತು ನನ್ನ ನಾಡಿಯನ್ನೇ ಹಿಡಿದು ನೋಡಿಕೊಂಡೆ. ಬಡಿಯುತ್ತಿತ್ತು. ಆದರೂ ಕಣ್ಣು ಗಡಿಯಾರವನ್ನು ಹುಡುಕುತ್ತಿತ್ತು.