ಹಗುರ ಕೈಗೆ ಸಿಗುವ ನರ

ಬೆಳಕು ಹರಿಯುವ ಹೊತ್ತು. ಆಸ್ಪತ್ರೆಯ ನೆಲಮಾಳಿಗೆಯ ಸ್ಕ್ಯಾನಿಂಗ್ ಕೋಣೆಗೆ ಕಿಟಕಿಯೇ ಇಲ್ಲ, ಹಾಗಾಗಿ ಅಲ್ಲಿ ಸೂರ್ಯನನ್ನು ಕೇಳುವವರೂ ಇಲ್ಲ. ಟೆಕ್ನಿಷಿಯನ್ ಅಕ್ಕ ಮಗ್ಗಿನ ಬಿಸಿನೀರಿನಲ್ಲಿ ಜೆಲ್ ಸೀಸೆಯನ್ನು ಕೂರಿಸಿ, ಬೆಚ್ಚಗಾದ ಮೇಲೆ ಒರೆಸಿ, ಅದಕ್ಕೊಂದು ನೀಲಿ ಅಂಗಿ ತೊಡಿಸುತ್ತಾರೆ. ಹೌದು, ಸೀಸೆಗೆ ಅಂಗಿ. ಒಳಗೆ ಹತ್ತಿ ತುಂಬಿ ಹೊಲಿದದ್ದು. ಅದರ ಒಂದು ಮಗ್ಗುಲ ಹೊಲಿಗೆ ಸೊಟ್ಟ, ಇನ್ನೊಂದು ಮಗ್ಗುಲದ್ದು ನೆಟ್ಟಗೆ.

"ತಣ್ಣಗಿರೋ ಜೆಲ್ ಸವರಿದ್ರೆ ಕಾಲು ಸೆಟೆದುಕೊಳ್ಳುತ್ತೆ, ರಕ್ತನಾಳ ಮುದುಡಿಕೊಳ್ಳುತ್ತೆ. ಆಮೇಲೆ ನಂಗೆ ದಾರಿ ತೋರ್ಸೋರು ಯಾರು?" ಎನ್ನುತ್ತಾರೆ ಅಕ್ಕ.

ಅವರು ಹುಡುಕುವುದು ಸೂರಲ್ ಎಂಬ ನರವನ್ನು. ಮೀನಖಂಡದ ಹಿಂದೆ ಎರಡು ಎಳೆಗಳಾಗಿ ಬಂದು, ಒಂದಾಗಿ, ಪಾದದ ಕೀಲಿನ, ಅಂದರೆ ಹರಡಿನ, ಹೊರಬದಿಯಿಂದ ಕಿರುಬೆರಳಿನವರೆಗೆ ಇಳಿಯುವ ನರ ಅದು. ಕಾಲನ್ನು ಆಡಿಸುವ ಕೆಲಸ ಅದಕ್ಕಿಲ್ಲ. ಪಾದದ ಹೊರಅಂಚಿಗೆ ಏನು ತಾಗಿತೆಂದು ಸುದ್ದಿ ಮುಟ್ಟಿಸಿದರೆ ಮುಗಿಯಿತು. ಆದ್ದರಿಂದಲೇ ಕೈಯ ನರ ತುಂಡಾದವರಿಗೆ ಇದರಿಂದ ಒಂದಿಷ್ಟು ತೆಗೆದು ಕಸಿ ಮಾಡುತ್ತಾರೆ. ಕೊಯ್ಯುವ ಮೊದಲು ಅದು ಎಲ್ಲಿದೆ, ಎಷ್ಟು ದಪ್ಪವಿದೆ ಎಂದು ನೋಡಿ ಚರ್ಮದ ಮೇಲೆ ಗೆರೆ ಎಳೆದುಕೊಡುವುದು ಅಕ್ಕನ ಕೆಲಸ. ನರದ ಪಕ್ಕದಲ್ಲೇ ಒಂದು ರಕ್ತನಾಳ ಓಡುತ್ತದೆ. ಪರದೆಯ ಮೇಲೆ ಅದು ಕಪ್ಪು ಚುಕ್ಕೆ, ನರ ಪುಟ್ಟ ಜೇನುಗೂಡಿನ ಚೂರು. ಕೈ ಒಂಚೂರು ಭಾರವಾದರೂ ರಕ್ತನಾಳ ಚಪ್ಪಟೆಯಾಗಿ ಮಾಯವಾಗುತ್ತದೆ, ಗುರುತು ತಪ್ಪುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಮಾತು ಈ ಕೋಣೆಯಲ್ಲಿ ಅಕ್ಷರಶಃ ನಿಜ.

ಹಾಗಾಗಿ ವಾರ್ಡಿನವರೆಲ್ಲ ಅವರಿಗೆ ಇಟ್ಟ ಹೆಸರು 'ಹಗುರ ಕೈ'. ಮನೆಯಲ್ಲಿ ಅತ್ತೆಯ ಲೆಕ್ಕವೇ ಬೇರೆ. "ನಮ್ಮ ಸೊಸೆ ಕೈ ಎಷ್ಟು ಹಗುರ ಅಂದ್ರೆ, ಹಿಟ್ಟಿಗೇ ಗೊತ್ತಾಗಲ್ಲ ನಾದ್ತಾ ಇದ್ದಾಳೆ ಅಂತ" ಎಂದು ನಗುತ್ತಾ ಪಾತ್ರೆಯನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ತಮಾಷೆಯ ಹಿಂದೆ ಕಾಳಜಿಯಿದೆ. ದಿನವಿಡೀ ತೋಳನ್ನು ಊರದೆ ಗಾಳಿಯಲ್ಲೇ ಹಿಡಿದು ಹಿಡಿದು ಸೊಸೆಯ ಬಲ ಭುಜ ಸವೆದಿದೆ. ಸಂಜೆ ಬಿಸಿನೀರಿನ ಚೀಲ ಹಿಡಿದು ಬಾಗಿಲಲ್ಲಿ ಕಾಯುವವರು ಅದೇ ಅತ್ತೆ.

ಇನ್ನು ಅಂಗಿಯ ವಿಷಯ. ಹೋದ ವರ್ಷ ಒಬ್ಬ ಟೈಲರ್ ಹೆಂಗಸು ಈ ಕೋಣೆಗೆ ಬಂದಿದ್ದರು. ಅಂಗಡಿಯ ಕನ್ನಡಿ ಒಡೆದು ಮಣಿಕಟ್ಟಿನ ನರ ತುಂಡಾಗಿತ್ತು. ಹೆಬ್ಬೆರಳು, ತೋರುಬೆರಳಿಗೆ ಸೂಜಿ ಹಿಡಿದದ್ದೂ ತಿಳಿಯುತ್ತಿರಲಿಲ್ಲ. ಬೆರಳಿಗೆ ಬಟ್ಟೆ ತಿಳಿಯದ ಟೈಲರ್ ಹೊಟ್ಟೆಪಾಡಿಗೆ ಏನು ಮಾಡಬೇಕು? ಅಕ್ಕ ಬಲಗಾಲಿನಲ್ಲಿ ಒಳ್ಳೆಯ ದಪ್ಪ ನರ ಕಂಡು ಗೆರೆ ಎಳೆದೇಬಿಟ್ಟರು. ಕೈ ಒರೆಸಿಕೊಳ್ಳುವಾಗ ನೋಡುತ್ತಾರೆ, ಆ ಬಲ ಪಾದ ಮಂಚದ ತುದಿಯಲ್ಲಿ ತನ್ನಷ್ಟಕ್ಕೆ ಮೆಲ್ಲಗೆ ಏನನ್ನೋ ತುಳಿಯುತ್ತಿದೆ.

"ಮೆಷಿನ್ ಪೆಡಲ್ ಈ ಕಾಲಲ್ಲೇನಾ ತುಳಿಯೋದು?" ಎಂದು ಕೇಳಿದರು.

"ಹೂಂ ಅಕ್ಕ. ಕಾಲರ್ ತಿರುಗಿಸೋವಾಗ ಈ ಅಂಚಲ್ಲೇ ಮೆಲ್ಲಗೆ ಒತ್ತೋದು" ಎಂದು ಆಕೆ ಪಾದದ ಹೊರಅಂಚನ್ನೇ ತೋರಿಸಿದರು. ನರ ತೆಗೆದರೆ ಮರಗಟ್ಟುವುದು ಅದೇ ಅಂಚು.

ಅಕ್ಕ ಈಗಲೂ ನೆನೆಯುತ್ತಾರೆ, "ನರ ನೋಡಿದ್ದೆ, ಕಾಲಿಗೆ ಏನು ಕೆಲ್ಸ ಅಂತ ಕೇಳೇ ಇರ್ಲಿಲ್ಲ."

ಸ್ಪಿರಿಟ್ ಹಾಕಿ ಗೆರೆ ಅಳಿಸಿ, ಎಡಗಾಲಿಗೆ ಹೊಸದಾಗಿ ಜೆಲ್ ಸವರಿದರು. ಅಲ್ಲಿ ಬೇರೆ ತಕರಾರು: ಎರಡು ಎಳೆಗಳು ಸೇರುವುದೇ ಹರಡಿನ ಹತ್ತಿರ, ಅಲ್ಲಿಯವರೆಗೂ ಎರಡೂ ಸಪೂರ. ಶಸ್ತ್ರಚಿಕಿತ್ಸೆಯ ಡಾಕ್ಟರನ್ನು ಕರೆಸಿದರು. ಅವರು ಪರದೆ ನೋಡಿ, "ಎರಡು ಎಳೇನೂ ಜೋಡಿಸಿ ಹಾಕ್ಬಹುದು, ಆದ್ರೆ ಕೊಯ್ಯೋದು ಉದ್ದ ಆಗುತ್ತೆ. ಕಾಲು ಇವರದ್ದು, ಇವರನ್ನೇ ಕೇಳೋಣ" ಎಂದರು.

"ಗಾಯ ಎಷ್ಟು ಉದ್ದ ಆದ್ರೂ ಆಗ್ಲಿ ಡಾಕ್ಟ್ರೇ, ಹೊಲಿಗೆ ಅಂದ್ರೆ ನಂಗೇನು ಭಯ?" ಎಂದರಂತೆ ಟೈಲರ್.

ಎಡಗಾಲಿನ ನರವನ್ನೇ ತೆಗೆದು ಕೈಗೆ ಹಾಕಿದರು. ಕಸಿ ಮಾಡಿದ ನರ ಬಸವನ ಹುಳುವಿನಂತೆ ಬೆಳೆಯುತ್ತದೆ. ತಿಂಗಳುಗಟ್ಟಲೆ ಸುದ್ದಿಯಿಲ್ಲ. ಅಕ್ಕ ಅಂದಿನಿಂದ ಯಾರೇ ಮಲಗಿದರೂ ಮೊದಲು ಕೇಳುವುದು, "ನಿಮ್ಮ ಕಾಲಿಗೆ ಏನು ಕೆಲ್ಸ?" ಇವತ್ತು ಮೊದಲಿಗೆ ಬಂದ ವಯಸ್ಸಾದ ಕಾವಲುಗಾರರೊಬ್ಬರು, "ನಿಂತಿರೋದೇ ಕೆಲ್ಸ ಮಗಳೇ, ಅದಕ್ಕೇ ಇದು ಸಂಬಳ ಕೇಳ್ತಿದೆ" ಎಂದು ನಗಿಸುತ್ತಾರೆ. ಇಂಥವರ ಕಾಲನ್ನು ಇಷ್ಟು ಮೆತ್ತಗೆ ಮುಟ್ಟುವವರೊಬ್ಬರು ಇದ್ದಾರಲ್ಲ, ಅದಕ್ಕೆ ನಾವೆಲ್ಲ ಋಣಿಗಳು.

ಟೈಲರ್ ವಿಷಯಕ್ಕೆ ಬಂದರೆ, ತಿಂಗಳುಗಳ ಮೇಲೆ ಕೊನೆಗೊಂದು ಬೆಳಿಗ್ಗೆ ಅವರು ತಾವಾಗಿಯೇ ಬಂದರು, ಕೈಯಲ್ಲಿ ಈ ನೀಲಿ ಅಂಗಿ. ಸೊಟ್ಟ ಮಗ್ಗುಲನ್ನು ಬೆರಳು ಮರಗಟ್ಟಿದ್ದಾಗಲೇ ಹಟ ಹಿಡಿದು ಹೊಲಿದು, ಬೇಸತ್ತು ಮೂಲೆಗೆ ಎಸೆದಿದ್ದರಂತೆ. ಬಹಳ ದಿನದ ಮೇಲೆ ಮತ್ತೆ ಎತ್ತಿಕೊಂಡಾಗ ಸೂಜಿ ತೋರುಬೆರಳಿಗೆ ಚುಚ್ಚಿತು. ಉರಿಯಿತು. ಗಂಡ ಬ್ಯಾಂಡೇಜ್ ಹುಡುಕುತ್ತ ಓಡಿ ಬಂದರೆ ಈಕೆ ಬೆರಳು ಹಿಡಿದುಕೊಂಡು ಅಳುತ್ತಾ ನಗುತ್ತಿದ್ದರು. ನೆಟ್ಟಗಿರುವ ಹೊಲಿಗೆ ಅದಾದ ಮೇಲಿನದು.

ಅಕ್ಕ ಸೀಸೆಯ ಅಂಗಿಯನ್ನು ಸರಿಮಾಡಿ, ಮುಂದಿನವರನ್ನು ಕರೆಯಲು ಏಳುತ್ತಾರೆ. "ಅವ್ಳಿಗೆ ನೋವಾಯ್ತು ಅಂತ ಕೇಳಿ ನಾನೂ ಅತ್ತುಬಿಟ್ಟೆ, ಖುಷಿಗೆ. ಮನೇಲಿ ಅತ್ತೆಗೆ ಹೇಳಿದ್ರೆ, ಅವತ್ತು ಅವ್ರು 'ಇವತ್ತು ಈ ಹಗುರ ಕೈಯಿಂದಾನೇ ರೊಟ್ಟಿ ಆಗ್ಲಿ' ಅಂತ ನನ್ನ ಕೈಗೇ ಹಿಟ್ಟು ಕೊಟ್ರು."